ಬಗಾಸ್ ಸುಟ್ಟ ಕರೆಂಟಿನಲ್ಲಿ ವಿಮಾನ ಹಾರಿಸುವ ಲೆಕ್ಕ

"ಸಾಹೇಬ್ರ, ಬಗಾಸ್ ನಮ್ದ ಐತಿ, ಕೋಜೆನ್ ಕರೆಂಟೂ ನಮ್ದ ಐತಿ. ವಿಮಾನದ ಎಣ್ಣಿ ಮಾಡಾಕ ಹೊರಗಿಂದ ಇನ್ನೇನ್ ಬೇಕ್ರಿ?"

ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳಿಗೆ ನಾನು ಪ್ರಾಜೆಕ್ಟ್ ರಿಪೋರ್ಟ್ ಬರೆದುಕೊಡುತ್ತೇನೆ. ಬಾಯ್ಲರ್ ಪ್ರದೀಪನ ಮುಗಿದು ಹಂಗಾಮು ಶುರುವಾಯಿತೆಂದರೆ ಈ ಪ್ರಶ್ನೆ ಬರದ ವಾರವಿಲ್ಲ. ಬಗಾಸ್ ಅಂದರೆ ಕಬ್ಬು ನುರಿಸಿ ರಸ ತೆಗೆದ ಮೇಲೆ ಉಳಿಯುವ ಸಿಪ್ಪೆ. ಕೋಜೆನ್ ಅಂದರೆ ಅದನ್ನು ಬಾಯ್ಲರ್‌ನಲ್ಲಿ ಸುಟ್ಟು ಹಬೆ, ಕರೆಂಟ್ ಎರಡನ್ನೂ ಮಾಡಿಕೊಳ್ಳುವುದು. ಕೇಳುವವರು ದಡ್ಡರಲ್ಲ. ಎಥೆನಾಲ್ ಮಾಡಿ ಪಳಗಿದವರು, ಗ್ರಿಡ್‌ಗೆ ಕರೆಂಟ್ ಮಾರುವವರು. ಅಂತರರಾಷ್ಟ್ರೀಯ ವಿಮಾನಗಳ ಇಂಧನದಲ್ಲಿ ಹಸಿರು ಇಂಧನ ಬೆರೆಸಲು ಕೇಂದ್ರ ಸರ್ಕಾರ 2027ಕ್ಕೆ ಶೇ 1, 2028ಕ್ಕೆ ಶೇ 2, 2030ಕ್ಕೆ ಶೇ 5 ಎಂದು ಗುರಿ ಇಟ್ಟಿರುವುದೂ ಅವರಿಗೆ ಗೊತ್ತು. ಎಡವುವುದು ಒಂದೇ ಕಡೆ. ಕರೆಂಟ್ ಅಂದರೆ ಮೋಟಾರ್, ಪಂಪ್ ತಿರುಗಿಸೋಕೆ ಅಂದುಕೊಂಡಿರುತ್ತಾರೆ. ಇಲ್ಲಿ ಕರೆಂಟೇ ಕಚ್ಚಾ ಮಾಲು.

ಎಥೆನಾಲ್‌ನಿಂದಲೂ ವಿಮಾನ ಇಂಧನ ಮಾಡಬಹುದು. ಅದು ಬೇರೆ ದಾರಿ, ಇವತ್ತು ಬೇಡ.

ಒಣಗಿದ ಬಗಾಸಿನಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಇಂಗಾಲ. ಗ್ಯಾಸಿಫೈಯರ್‌ನಲ್ಲಿ ಆಮ್ಲಜನಕ ಅಳೆದು ಕೊಟ್ಟು ಕಾಯಿಸಿದರೆ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ ಬೆರೆತ ಗ್ಯಾಸ್ ಬರುತ್ತದೆ. ಅದನ್ನು ತೊಳೆದು, ಗ್ಯಾಸನ್ನು ಮೇಣವಾಗಿಸುವ ಫಿಷರ್-ಟ್ರಾಪ್ಶ್ ರಿಯಾಕ್ಟರ್‌ಗೆ ಬಿಟ್ಟು, ಬಂದ ಮೇಣವನ್ನು ಒಡೆದರೆ ಸೀಮೆಎಣ್ಣೆ ಜಾತಿಯ ಇಂಧನ. ಇದನ್ನು ಸಾಧಾರಣ ಜೆಟ್ ಇಂಧನದಲ್ಲಿ ಶೇ 50ರವರೆಗೆ ಬೆರೆಸಲು 2009ರಿಂದಲೇ ಒಪ್ಪಿಗೆ ಇದೆ. ತೊಂದರೆ ಏನಪ್ಪಾ ಅಂದರೆ, ರಿಯಾಕ್ಟರ್‌ಗೆ ಒಂದು ಪಾಲು ಕಾರ್ಬನ್ ಮೊನಾಕ್ಸೈಡ್‌ಗೆ ಎರಡು ಪಾಲು ಹೈಡ್ರೋಜನ್ ಬೇಕು. ಬಗಾಸಿನ ಗ್ಯಾಸಿನಲ್ಲಿ ಇರುವುದು ಸುಮಾರು ಒಂದಕ್ಕೊಂದು. ಕೊರತೆ ತುಂಬಲು ಗ್ಯಾಸಿನದೇ ಒಂದು ಭಾಗವನ್ನು ಹಬೆಯ ಜೊತೆ ಹಾಯಿಸಿ ಹೈಡ್ರೋಜನ್ ಮಾಡಿಕೊಳ್ಳಬೇಕು. ಆ ಇಂಗಾಲ ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಕೊನೆಗೆ ಇಂಧನದಲ್ಲಿ ಉಳಿಯುವುದು ಸುಮಾರು ಮೂರರಲ್ಲೊಂದು ಪಾಲು.

ಕರೆಂಟಿನಿಂದ ನೀರು ಒಡೆದು, ಹೈಡ್ರೋಜನ್ ಹೊರಗಿನಿಂದ ಕೊಟ್ಟರೆ ಈ ನಷ್ಟ ಬಹಳಷ್ಟು ತಪ್ಪುತ್ತದೆ. ಅಷ್ಟೇ ಬಗಾಸಿಗೆ ಎರಡು ಪಟ್ಟಿಗಿಂತ ಜಾಸ್ತಿ ಇಂಧನ. ನೀರು ಒಡೆದಾಗ ಬರುವ ಆಮ್ಲಜನಕವೂ ಗ್ಯಾಸಿಫೈಯರ್‌ಗೇ ಆಗುತ್ತದೆ. ರಿಪೋರ್ಟುಗಳಲ್ಲಿ ಅದನ್ನು ಮರೆತೇ ಬಿಡುತ್ತಾರೆ.

ಈಗ ಕೋಜೆನ್ ಲೆಕ್ಕ. ದಯವಿಟ್ಟು ನಿಧಾನವಾಗಿ ಓದಿ. ಒಂದು ಟನ್ ಒಣ ಬಗಾಸಿನ ಇಂಗಾಲವನ್ನು ಹಿಡಿದಿಡಲು 100 ಕೆ.ಜಿ.ಗಿಂತ ಜಾಸ್ತಿ ಹೈಡ್ರೋಜನ್ ಬೇಕು. ಕೆ.ಜಿ.ಗೆ 50–55 ಯೂನಿಟ್. ಅಲ್ಲಿಗೆ 5,000 ಯೂನಿಟ್ ದಾಟಿತು. ಮಿಲ್‌ನಿಂದ ಬರುವ ಹಸಿ ಬಗಾಸಿನಲ್ಲಿ ಅರ್ಧ ನೀರು. ಒಳ್ಳೆಯ ಬಾಯ್ಲರ್, ಟರ್ಬೈನ್ ಇದ್ದರೂ ಟನ್‌ಗೆ 400–500 ಯೂನಿಟ್ ಬಂದರೆ ಪುಣ್ಯ. ಅಂದರೆ 10 ಟನ್ ಹಸಿ, ಒಣ ಲೆಕ್ಕದಲ್ಲಿ 5 ಟನ್ ಸುಡಬೇಕು. ಒಂದು ಟನ್ನಿನ ಇಂಗಾಲ ಉಳಿಸಲು ಐದು ಟನ್ನಿನ ಇಂಗಾಲ ಹೊಗೆ! ಆ ಐದು ಟನ್ನನ್ನು ಹೊರಗಿನ ಹೈಡ್ರೋಜನ್ ಇಲ್ಲದೆ ಸುಮ್ನೆ ಗ್ಯಾಸಿಫೈಯರ್‌ಗೆ ಹಾಕಿದ್ದರೂ ಹೆಚ್ಚು ಇಂಧನ ಸಿಗುತ್ತಿತ್ತು. ತುಪ್ಪ ಸುರಿದು ಒಲೆ ಹೊತ್ತಿಸಿ ಬೆಣ್ಣೆ ಕಾಯಿಸಿದ ಹಾಗೆ. ಅಂಕಿ ಕಾರ್ಖಾನೆಯಿಂದ ಕಾರ್ಖಾನೆಗೆ ಹೆಚ್ಚು ಕಡಿಮೆ ಆಗುತ್ತದೆ, ಫಲಿತಾಂಶ ತಿರುಗಿಬೀಳುವಷ್ಟಲ್ಲ.

ಘಟಪ್ರಭಾ ದಂಡೆಯ ಒಬ್ಬ ಚೇರ್ಮನ್ನರಿಗೆ ಇದನ್ನೆಲ್ಲ ಬಿಳಿ ಬೋರ್ಡಿನ ಮೇಲೆ ಬರೆದು ತೋರಿಸಿದೆ. ಗಂಭೀರವಾಗಿ ಕೇಳಿದರು. "ಒಪ್ಪಿದೆ. ಹಂಗಾರ ಉಳದ ಬಗಾಸಷ್ಟ ಸುಡೋಣು?" "ಅಲ್ರೀ ಯಜಮಾನ್ರ, ಉಳದದ್ದೂ ಬಗಾಸ ಅಲ್ಲೇನ್ರಿ?" ಒಂದು ಕ್ಷಣ ಸುಮ್ಮನಿದ್ದು ಜೋರಾಗಿ ನಕ್ಕರು, ಇನ್ನೊಂದು ಸುತ್ತು ಚಹಾ ತರಿಸಿದರು. ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ.

ಹಾಗಾದರೆ ಕರೆಂಟ್ ಎಲ್ಲಿಂದ? ಸೋಲಾರ್, ಗಾಳಿ. ವಿಜಯಪುರದ ಬಿಸಿಲಿಗೆ ಕೊರತೆಯಿಲ್ಲ, ಆದರೆ ಅದು ಹಗಲಿನ ಮಾತು. ಗ್ಯಾಸಿಫೈಯರ್ ರಾತ್ರಿಯೂ ಓಡಬೇಕು. ಗಾಳಿ ಜೋರಾಗಿ ಬೀಸುವುದು ಮಳೆಗಾಲದಲ್ಲಿ, ಆಗ ಕಬ್ಬು ನುರಿಸುವುದು ನಿಂತಿರುತ್ತದೆ. ರಾತ್ರಿ ಗ್ರಿಡ್‌ನಿಂದ ಎಳೆಯೋಣ ಅಂದರೆ ಅದರಲ್ಲಿ ಕೂಡಗಿಯಂಥ ಕಲ್ಲಿದ್ದಲು ಸ್ಥಾವರಗಳ ಪಾಲೂ ಸೇರಿರುತ್ತದೆ. ಖರೀದಿದಾರರು ಕರೆಂಟಿನ ಮೂಲ ಕೇಳುತ್ತಾರೆ. ಹೈಡ್ರೋಜನ್ ಕೂಡಿಡುವ ಟ್ಯಾಂಕಿನ ಖರ್ಚನ್ನೂ ರಿಪೋರ್ಟಿನಲ್ಲಿ ಬರೆಯಲೇಬೇಕು.

ಇನ್ನು ಬಗಾಸ್ ನಿಜವಾಗಿ ತ್ಯಾಜ್ಯವೇ? ಅದಕ್ಕೆ ಆಗಲೇ ಬಾಯ್ಲರ್‌ನಲ್ಲಿ ಕೆಲಸ ಇದೆ. ಹೊಲದಲ್ಲಿ ಬೆಂಕಿ ಇಡುವ ರವದಿ, ಅಂದರೆ ಕಬ್ಬಿನ ಒಣ ಎಲೆ, ನನ್ನ ಪ್ರಕಾರ ಹೆಚ್ಚು ಯೋಗ್ಯ. ಎಲ್ಲವನ್ನೂ ಬಾಚಬೇಡಿ, ಕಟಾವಾದ ಬುಡದಿಂದ ಮತ್ತೆ ಚಿಗುರುವ ಕೂಳೆ ಕಬ್ಬಿಗೆ ಹೊದಿಕೆ ಬೇಕು. ರವದಿಗೂ ಅದರದೇ ರಗಳೆ ಇದೆ. ಅಥಣಿ ಕಡೆಯಿಂದ ಬಂದ ಒಂದು ಬೇಲ್ ಬಿಚ್ಚಿದಾಗ ಮುಷ್ಟಿ ಗಾತ್ರದ ಎರೆಮಣ್ಣಿನ ಹೆಂಟೆಗಳು, ಡ್ರಿಪ್ ಪೈಪಿನ ತುಂಡು ಉದುರಿದವು. ಮೇಲಾಗಿ ರವದಿಯಲ್ಲಿ ಪೊಟ್ಯಾಷ್ ಜಾಸ್ತಿ. ಅದರ ಬೂದಿ ಕಾವಿಗೆ ಕರಗುತ್ತದೆ. ಆ ರವದಿಯ ಬೂದಿಯನ್ನು ಲ್ಯಾಬಿನ ಕುಲುಮೆಯಲ್ಲಿ ಇಟ್ಟು ತೆಗೆದರೆ ಬಟ್ಟಲಿನ ತಳಕ್ಕೆ ಹಸಿರುಗಪ್ಪು ಗಾಜಿನ ಹಾಗೆ ಅಂಟಿಕೊಂಡಿತ್ತು, ಸ್ಕ್ರೂಡ್ರೈವರ್‌ನಿಂದ ಕೆದರಿದರೂ ಏಳಲಿಲ್ಲ. ಗ್ಯಾಸಿಫೈಯರ್ ಒಳಗೆ ಹೀಗಾದರೆ ಪ್ಲಾಂಟ್ ನಿಲ್ಲಿಸಿ ಕ್ಲಿಂಕರ್, ಅಂದರೆ ಆ ಗಟ್ಟಿಯಾದ ಬೂದಿಗಡ್ಡೆ, ಒಡೆಸಬೇಕು.

ಆದ್ದರಿಂದ ಬರುವಾಗ ಬೂದಿಯ ಲ್ಯಾಬ್ ರಿಪೋರ್ಟ್ ತನ್ನಿ. ಸೋಲಾರ್‌ಗೆ ಎಷ್ಟು ಎಕರೆ ಇದೆ, ಮೇ ತಿಂಗಳಲ್ಲಿ ನೀರು ಎಲ್ಲಿಂದ ಅನ್ನುವುದನ್ನು ಬರೆದುಕೊಂಡು ಬನ್ನಿ. ಲೀಟರ್‌ಗೆ ಎಷ್ಟು ಬೀಳುತ್ತದೆ ಅಂತ ಫೋನಿನಲ್ಲಿ ಮಾತ್ರ ಕೇಳಬೇಡಿ. ನಿಮಗೆ ಕರೆಂಟ್ ಯಾವ ದರಕ್ಕೆ, ದಿನಕ್ಕೆ ಎಷ್ಟು ತಾಸು ಸಿಗುತ್ತದೆ ಅಂತ ತಿಳಿಯದೆ ನಾನು ಹೇಳಲಾರೆ.