ಐಕಾನ್‌ಗಳು ಪಟಪಟ ಮಿನುಗಿದರೆ: ಕ್ಲೌಡ್ ಸಿಂಕ್ ಕಡೆಯಿಂದ ಹುಡುಕುವ ಬಗೆ

ವಿಂಡೋಸ್ ಡೆಸ್ಕ್‌ಟಾಪ್‌ನಲ್ಲಿರುವ ಐಕಾನ್‌ಗಳೆಲ್ಲ ಒಂದು ಕ್ಷಣ ಬಿಳಿಯಾಗಿ ಮತ್ತೆ ಕಾಣುತ್ತವೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕಥೆ. ಇದಕ್ಕೆ ತುಂಬಾ ಜನ ಮೊದಲು ಮಾಡೋದು ಐಕಾನ್ ಕ್ಯಾಶ್, ಅಂದರೆ ವಿಂಡೋಸ್ ಐಕಾನ್ ಚಿತ್ರಗಳನ್ನು ಕೂಡಿಟ್ಟುಕೊಳ್ಳುವ ಫೈಲ್‌ಗಳನ್ನು ಅಳಿಸೋದು. ನನ್ನ ಪ್ರಕಾರ ಅದು ಕೊನೆಗೆ ಮಾಡುವ ಕೆಲಸ. ಯಾವ ಪ್ರೋಗ್ರಾಂ ಐಕಾನ್‌ಗಳನ್ನು ಪದೇ ಪದೇ ಬರೆಸುತ್ತಿದೆ ಅಂತ ಮೊದಲು ಗೊತ್ತಾಗಬೇಕು, ಇಲ್ಲದಿದ್ದರೆ ಕ್ಯಾಶ್ ಎಷ್ಟು ಸಲ ಅಳಿಸಿದರೂ ತೊಂದರೆ ವಾಪಸ್ ಬರುತ್ತದೆ.

ಮೊದಲು ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ನೋಡಿ. ಅದರ ಕಿಟಕಿಯೂ ಮಿನುಗಿದರೆ ಡಿಸ್‌ಪ್ಲೇ ಡ್ರೈವರ್ (ಪರದೆಯ ಮೇಲೆ ಚಿತ್ರ ಮೂಡಿಸುವ ತಂತ್ರಾಂಶ) ಮೇಲೆ ಅನುಮಾನ ಪಡಬೇಕು. ಅದು ಸುಮ್ನೆ ನಿಂತಿದ್ದು ಐಕಾನ್‌ಗಳು ಮಾತ್ರ ಮಿನುಗುತ್ತಿದ್ದರೆ ಮುಂದೆ ಓದಿ.

ಈಗ ಅನುಮಾನ ಕ್ಲೌಡ್ ಸಿಂಕ್ ಮೇಲೆ, ಅಂದರೆ ನಿಮ್ಮ ಫೈಲ್‌ಗಳ ನಕಲನ್ನು ಇಂಟರ್ನೆಟ್‌ನಲ್ಲಿ ಇಡುವ ಒನ್‌ಡ್ರೈವ್, ಡ್ರಾಪ್‌ಬಾಕ್ಸ್‌ನಂಥ ಪ್ರೋಗ್ರಾಂಗಳ ಮೇಲೆ. ಒಳಗೆ ಏನು ನಡೆಯುತ್ತದೆ ನೋಡೋಣ. ಫೈಲ್ ಐಕಾನ್‌ನ ಮೂಲೆಯಲ್ಲಿ ಹಸಿರು ಟಿಕ್, ನೀಲಿ ಬಾಣಗಳು ಕಾಣುತ್ತವೆ ಅಲ್ವಾ, ಅವಕ್ಕೆ ಓವರ್‌ಲೇ ಅಂತಾರೆ. ಪ್ರತಿ ಫೈಲ್ ತೋರಿಸುವಾಗಲೂ ಎಕ್ಸ್‌ಪ್ಲೋರರ್ (ಡೆಸ್ಕ್‌ಟಾಪ್, ಫೋಲ್ಡರ್‌ಗಳನ್ನು ತೋರಿಸುವ ವಿಂಡೋಸ್ ಪ್ರೋಗ್ರಾಂ) ಓವರ್‌ಲೇ ಪ್ರೋಗ್ರಾಂಗಳನ್ನು 'ಇದಕ್ಕೆ ನಿನ್ನ ಗುರುತು ಹಾಕಬೇಕಾ' ಅಂತ ಕೇಳುತ್ತದೆ. ಫೈಲ್‌ನ ಸ್ಥಿತಿ ಬದಲಾದಾಗ ಸಿಂಕ್ ಪ್ರೋಗ್ರಾಂ ಎಕ್ಸ್‌ಪ್ಲೋರರ್‌ಗೆ ಸುದ್ದಿ ಕಳಿಸುತ್ತದೆ. ಒಂದೇ ಫೈಲ್ ಬದಲಾಗಿದೆ ಅಂತ ಹೇಳಿದರೆ ಆ ಐಕಾನ್ ಮಾತ್ರ ಹೊಸದಾಗುತ್ತದೆ, ಆದರೆ ಯಾವ ಬಗೆಯ ಫೈಲ್ ಯಾವ ಪ್ರೋಗ್ರಾಂಗೆ ಸೇರಿದ್ದು ಅನ್ನುವ ನಂಟೇ ಬದಲಾಗಿದೆ ಅನ್ನುವ ದೊಡ್ಡ ಸುದ್ದಿ ಹೋದರೆ ಎಕ್ಸ್‌ಪ್ಲೋರರ್ ಐಕಾನ್‌ಗಳನ್ನೆಲ್ಲ ಮತ್ತೆ ಬರೆಯಲು ಕೂರುತ್ತದೆ. ಆಗ ಕಾಣೋದೇ ಈ ಮಿನುಗು.

ಹಾಗಾಗಿ ಎರಡನೇ ಪರೀಕ್ಷೆ: ಗಡಿಯಾರದ ಪಕ್ಕದ ಮೋಡದ ಐಕಾನ್ ಒತ್ತಿ ಸಿಂಕ್ ತಡೆಹಿಡಿಯಿರಿ. ಮಿನುಗು ನಿಂತಿತಾ? ಹಾಗಾದರೆ ಯಾವುದೋ ಫೈಲ್ ಬಿಡದೆ ಸಿಂಕ್ ಆಗುತ್ತಿದೆ. ನಿಲ್ಲಲಿಲ್ಲವಾ? ಪ್ರೋಗ್ರಾಂನಿಂದ ಪೂರ್ತಿ ಹೊರಬನ್ನಿ. ಎರಡು ಮೂರು ಕ್ಲೌಡ್‌ಗಳಿದ್ದರೆ ಒಂದೊಂದಾಗಿ ಮುಚ್ಚಿ, ಒಟ್ಟಿಗೆ ಮುಚ್ಚಿದರೆ ಯಾರಿಂದ ಅಂತ ತಿಳಿಯೋದಿಲ್ಲ.

ಸಿಂಕ್ ತಡೆದಾಗ ನಿಂತಿದ್ದರೆ ಡೆಸ್ಕ್‌ಟಾಪ್ ಫೋಲ್ಡರನ್ನೇ ಬ್ಯಾಕಪ್‌ಗೆ ಸೇರಿಸಿದ್ದೀರಾ ನೋಡಿ. ಒನ್‌ಡ್ರೈವ್‌ನಲ್ಲಿ ಇದು ಜಾಸ್ತಿ. ಅಲ್ಲಿ ಯಾವುದೋ ಪ್ರೋಗ್ರಾಂ ನಿಮಿಷಕ್ಕೊಮ್ಮೆ ಸಾಲು ಸೇರಿಸುವ ಲಾಗ್ ಫೈಲ್ ಇದೆ ಅಂದುಕೊಳ್ಳಿ. ಪ್ರತಿ ಸಲವೂ ಅದರ ಟಿಕ್ ಹೋಗಿ ಬಾಣ ಬರುತ್ತದೆ, ಬಾಣ ಹೋಗಿ ಟಿಕ್ ಬರುತ್ತದೆ. ಆ ಫೈಲನ್ನು ಸಿಂಕ್ ಆಗದ ಫೋಲ್ಡರ್‌ಗೆ ಸಾಗಿಸಿದರೆ ಸಾಕು. ಒಂದೇ ಫೋಲ್ಡರನ್ನು ಎರಡು ಕ್ಲೌಡ್‌ಗಳಿಗೆ ಒಪ್ಪಿಸುವುದಂತೂ ಬೇಡವೇ ಬೇಡ.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ವಿಂಡೋಸ್ ಓವರ್‌ಲೇಗಳಿಗೆ ಕೊಡುವ ಜಾಗ ಒಟ್ಟು 15, ಅದರಲ್ಲೂ ಕೆಲವನ್ನು ತಾನೇ ಇಟ್ಟುಕೊಳ್ಳುತ್ತದೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರೆಜಿಸ್ಟ್ರಿಯಲ್ಲಿ ಒನ್‌ಡ್ರೈವ್ 7 ಹೆಸರು, ಡ್ರಾಪ್‌ಬಾಕ್ಸ್ 10 ಹೆಸರು ಬರೆಸಿಕೊಂಡರೆ ಅಲ್ಲಿಗೇ ಲೆಕ್ಕ ಮೀರಿತು. ಅಕ್ಷರ ಕ್ರಮದಲ್ಲಿ ಮುಂದಿರುವವರಿಗೇ ಜಾಗ, ಅದಕ್ಕೇ ಈ ಹೆಸರುಗಳ ಮುಂದೆ ಖಾಲಿ ಸ್ಪೇಸ್‌ಗಳನ್ನು ಸೇರಿಸಿರುತ್ತಾರೆ! ಆದರೆ ಜಾಗ ಸಿಗದಿದ್ದರೆ ಆಗೋದು ಟಿಕ್ ಕಾಣದಿರುವುದು. ಅದೊಂದರಿಂದಲೇ ಮಿನುಗು ಬರೋದಿಲ್ಲ. ಈ ಎರಡನ್ನೂ ಬೆರೆಸಿ ರೆಜಿಸ್ಟ್ರಿಯಲ್ಲಿ ಹೆಸರು ತಿದ್ದಲು ಹೋಗಬೇಡಿ.

ಪ್ರೋಗ್ರಾಂ ಮುಚ್ಚಿದರೂ ಮಿನುಗುತ್ತಿದ್ದರೆ ಎಕ್ಸ್‌ಪ್ಲೋರರ್‌ಗೆ ಅಂಟಿಕೊಂಡಿರುವ ಇಂಥ ಸೇರ್ಪಡೆಗಳ ಪಟ್ಟಿ ತೋರಿಸುವ, ನಿರ್‌ಸಾಫ್ಟ್‌ನವರ ಶೆಲ್‌ಎಕ್ಸ್‌ವ್ಯೂ ಬಳಸಿ, ಅದು ಉಚಿತ. ಓವರ್‌ಲೇ ಬಗೆಯವನ್ನು ಮಾತ್ರ ನೋಡಿ, ಮೈಕ್ರೋಸಾಫ್ಟ್‌ನದ್ದಲ್ಲದ ಒಂದೊಂದನ್ನೇ ನಿಲ್ಲಿಸಿ, ಟಾಸ್ಕ್ ಮ್ಯಾನೇಜರ್‌ನಿಂದ ಎಕ್ಸ್‌ಪ್ಲೋರರ್ ರೀಸ್ಟಾರ್ಟ್ ಮಾಡಿ ನೋಡುತ್ತಾ ಹೋಗಿ. ಅಳಿಸೋದು ಬೇಡ, ನಿಲ್ಲಿಸಿದ್ದನ್ನು ಬೇಕಾದಾಗ ಮತ್ತೆ ಚಾಲೂ ಮಾಡಬಹುದು.

ಕಾರಣ ಸಿಕ್ಕಿ ಮಿನುಗು ನಿಂತ ಮೇಲೂ ಕೆಲವು ಐಕಾನ್ ಖಾಲಿಯಾಗಿ ಅಥವಾ ತಪ್ಪಾಗಿ ಕಂಡರೆ ಆಗ ಕ್ಯಾಶ್ ಅಳಿಸಿ. ವಿಂಡೋಸ್ ಅದನ್ನು ತಾನಾಗಿಯೇ ಹೊಸದಾಗಿ ಕಟ್ಟಿಕೊಳ್ಳುತ್ತದೆ, ನಿಮ್ಮ ಫೈಲ್‌ಗಳಿಗೆ ಏನೂ ಆಗೋದಿಲ್ಲ.