ಹೆಗ್ಗೋಡಿನಲ್ಲಿ ಜನ ಮೊದಲು ಸೇರಿದರು, ಕಟ್ಟಡ ಆಮೇಲೆ ಬಂತು

ಎಷ್ಟೋ ಊರುಗಳಲ್ಲಿ ಸಮುದಾಯ ಭವನ ಇದೆ, ಉದ್ಘಾಟನೆಯ ಕಲ್ಲೂ ಇದೆ. ಮದುವೆ, ನಾಮಕರಣ ಬಿಟ್ಟರೆ ಬೀಗ ತೆಗೆಯುವುದೇ ಕಮ್ಮಿ. ಹಳ್ಳಿಯೊಂದರಲ್ಲಿ ಜನ ಕೂಡುವ ಜಾಗ ತಲೆಮಾರುಗಳ ಕಾಲ ಉಳಿಯುವುದು ಹೇಗೆ? ಇದಕ್ಕೆ ಸಾಗರ ತಾಲ್ಲೂಕಿನ ಹೆಗ್ಗೋಡಿನ ಕಥೆ ತಿಳಿಯಬೇಕು.

1949. ಸ್ವಾತಂತ್ರ್ಯ ಬಂದು ಎರಡು ವರ್ಷ. ಅಡಿಕೆ ತೋಟಗಳ ಈ ಊರಿನ ಯುವಕರು ಸೇರಿ ನಾಟಕ ಆಡಲು ಸಂಘ ಕಟ್ಟಿದರು. ಊರ ದೇವರಾದ ನೀಲಕಂಠೇಶ್ವರನ ಹೆಸರನ್ನೇ ಇಟ್ಟರು. ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಚಿಕ್ಕದಾಗಿ ನೀನಾಸಮ್. ಅವರಲ್ಲಿ ಕೆ.ವಿ. ಸುಬ್ಬಣ್ಣ ಒಬ್ಬರು. ಮೈಸೂರಿನಲ್ಲಿ ಓದಿ, ಊರಿಗೇ ಮರಳಿ, ತೋಟ ನೋಡಿಕೊಂಡೇ ಸಂಘವನ್ನೂ ಬೆಳೆಸಿದರು. 1957ರಲ್ಲಿ ಅಕ್ಷರ ಪ್ರಕಾಶನ ಶುರು ಮಾಡಿದರು.

ಸಂಘಕ್ಕೆ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಬಂದದ್ದು 1972ರಲ್ಲಿ. ಅಂದರೆ 23 ವರ್ಷ ಆದ ಮೇಲೆ! ನನಗೆ ಈ ಕಥೆಯಲ್ಲಿ ಮುಖ್ಯ ಅನಿಸುವುದು ಇದೇ. ಅಷ್ಟು ಹೊತ್ತಿಗೆ ಆಡುವವರೂ ಇದ್ದರು, ನೋಡುವವರೂ ಇದ್ದರು. ಕಟ್ಟಡದಲ್ಲಿ ಏನು ಮಾಡೋಣ ಅಂತ ಯಾರೂ ಕೇಳಬೇಕಾಗಲಿಲ್ಲ.

ಮರುವರ್ಷ ಚಿತ್ರಸಮಾಜ ಹುಟ್ಟಿತು. ಬಂಗಾಳ, ಜಪಾನ್, ಇಟಲಿಯ ಸಿನಿಮಾಗಳು ಹಳ್ಳಿಗೆ ಬಂದವು. ಹಳ್ಳಿಯವರಿಗೆ ಇಂಥ ಸಿನಿಮಾ ಅರ್ಥವಾಗುತ್ತದಾ ಅನ್ನುವ ಅನುಮಾನ ಪೇಟೆಯವರದು. ಸುಬ್ಬಣ್ಣನವರಿಗೆ ಆ ಅನುಮಾನ ಇರಲಿಲ್ಲ. ಒಳ್ಳೆಯದನ್ನು ನೋಡುವ ಹಕ್ಕು ಎಲ್ಲರಿಗೂ ಒಂದೇ, ಅಲ್ವಾ? ಬೇಕಾದರೆ ನೋಡುವುದನ್ನು ಕಲಿಯೋಣ ಅಂತ ಸಿನಿಮಾ ರಸಗ್ರಹಣ ಶಿಬಿರಗಳನ್ನೂ ನಡೆಸಿದರು.

1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ. ತಿರುಗಾಟ ಅಂದರೆ ನಾಟಕಗಳನ್ನು ಹೊತ್ತು ರಾಜ್ಯದ ಊರೂರಿಗೆ ಹೋಗುವ ತಂಡ. ಹೋದಲ್ಲೆಲ್ಲ ಸ್ಥಳೀಯರೇ ಮುಂದೆ ನಿಂತು ಆಟದ ಏರ್ಪಾಡು ಮಾಡಬೇಕು. ಹಾಗಾಗಿ ಹೆಗ್ಗೋಡಿನ ಸಂಘ ಬೇರೆ ಊರುಗಳಲ್ಲೂ ಜನರನ್ನು ಒಟ್ಟು ಸೇರಿಸಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಅನುದಾನಗಳೂ ಸಂಘದ ಕೈ ಹಿಡಿದಿವೆ, ನಿಜ. ಆದರೆ ಬರೀ ದುಡ್ಡಿನಿಂದ ಇದು ನಡೆದಿದ್ದರೆ, ಭವನ ಇರುವ ಪ್ರತಿ ಊರಲ್ಲೂ ಒಂದೊಂದು ನೀನಾಸಮ್ ಇರಬೇಕಿತ್ತು. ಇಲ್ಲಿ ತೋಟದ ಕೆಲಸ ಮುಗಿಸಿ ಬಂದು ಬಣ್ಣ ಹಚ್ಚುವವರಿದ್ದರು. ಸುಬ್ಬಣ್ಣನವರು 2005ರಲ್ಲಿ ತೀರಿಕೊಂಡರು. ರಂಗಶಿಕ್ಷಣ, ತಿರುಗಾಟ, ವರ್ಷವರ್ಷದ ಸಂಸ್ಕೃತಿ ಶಿಬಿರ ಯಾವುದೂ ಅವರ ಜೊತೆಗೇ ನಿಂತುಹೋಗಲಿಲ್ಲ.