ಆಮ್ಲಜನಕ ಏರಿತು, ರೋಗಿ ಉಳಿಯಲಿಲ್ಲ: ಐಸಿಯು ಸಂಶೋಧನೆ ಓದುವವರಿಗೆ ಒಂದು ಟಿಪ್ಪಣಿ

ಎರಡು ಗುಂಪು ರೋಗಿಗಳಿದ್ದಾರೆ ಎಂದುಕೊಳ್ಳಿ. ಎಲ್ಲರಿಗೂ ಎಆರ್‌ಡಿಎಸ್, ಅಂದರೆ ಶ್ವಾಸಕೋಶ ಹಠಾತ್ತನೆ ಕೆಟ್ಟು ರಕ್ತಕ್ಕೆ ಆಮ್ಲಜನಕ ಸಾಲದ ಸ್ಥಿತಿ; ಎಲ್ಲರೂ ವೆಂಟಿಲೇಟರ್ (ಉಸಿರಾಟದ ಯಂತ್ರ) ಮೇಲೆ. ಮೊದಲ ದಿನದ ಎಬಿಜಿ (ರಕ್ತದ ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಅಳೆಯುವ ಪರೀಕ್ಷೆ) ವರದಿ ಬಂದಿದೆ. ಒಂದು ಗುಂಪಿನ ಆಮ್ಲಜನಕ ಇನ್ನೊಂದಕ್ಕಿಂತ ಚೆನ್ನಾಗಿದೆ. ಮೂರನೆಯ ದಿನವೂ ಹಾಗೆಯೇ. ನಿಮ್ಮ ಮನೆಯವರನ್ನು ಯಾವ ಗುಂಪಿನಲ್ಲಿ ಮಲಗಿಸುತ್ತೀರಿ? ಮೊದಲ ಬಾರಿ ಈ ಪ್ರಶ್ನೆ ಎದುರಾದಾಗ ನಾನು ಯೋಚಿಸದೆ ಉತ್ತರ ಕೊಟ್ಟಿದ್ದೆ. ತಪ್ಪು ಉತ್ತರ. ವರದಿ ಚೆನ್ನಾಗಿದ್ದ ಆ ಗುಂಪಿನಲ್ಲೇ ಹೆಚ್ಚು ಜನ ತೀರಿಕೊಂಡಿದ್ದರು.

ಇದು 2000ನೇ ಇಸವಿಯ ಮೇ ತಿಂಗಳಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಪ್ರಯೋಗ. ನಡೆಸಿದ್ದು ಅಮೆರಿಕದ ಎಆರ್‌ಡಿಎಸ್ ನೆಟ್‌ವರ್ಕ್. ‘ಆರ್ಮಾ’ ಎಂಬ ಹೆಸರಿನಲ್ಲಿ ವೈದ್ಯಕೀಯ ಪರೀಕ್ಷೆಗಳಲ್ಲಿ ಪದೇ ಪದೇ ಕೇಳುತ್ತಾರೆ. ‘6 ಒಳ್ಳೆಯದು, 12 ಕೆಟ್ಟದ್ದು’ (ಒಂದು ಉಸಿರಿಗೆ, ಪ್ರತಿ ಕಿಲೋ ತೂಕಕ್ಕೆ ಯಂತ್ರ ಕೊಡುವ ಗಾಳಿ, ಮಿ.ಲೀ. ಲೆಕ್ಕದಲ್ಲಿ) ಎಂದು ಬಾಯಿಪಾಠ ಮಾಡಿ ಮುಂದೆ ಹೋಗುವವರೇ ಹೆಚ್ಚು. ಸ್ವಲ್ಪ ನಿಂತು ನೋಡಿದರೆ ತೀವ್ರ ನಿಗಾ ಘಟಕದ ಸಂಶೋಧನೆಯನ್ನು ಹೇಗೆ ಓದಬೇಕು ಎಂಬುದು ಈ ಒಂದರಲ್ಲೇ ಸಾಕಷ್ಟು ಸಿಗುತ್ತದೆ.

ಮೊದಲು ಹಿನ್ನೆಲೆ. ಎಆರ್‌ಡಿಎಸ್ ಅನ್ನು ಪ್ರತ್ಯೇಕ ಸ್ಥಿತಿಯಾಗಿ ಗುರುತಿಸಿದ ಲೇಖನ ಬಂದದ್ದು 1967ರಲ್ಲಿ, ಡೆನ್ವರ್‌ನ ವೈದ್ಯರಿಂದ, ಕೇವಲ 12 ರೋಗಿಗಳ ವಿವರದೊಂದಿಗೆ. ನ್ಯುಮೋನಿಯಾ, ಸೆಪ್ಸಿಸ್, ಅಪಘಾತ, ಮೇದೋಜೀರಕ ಗ್ರಂಥಿಯ ಉರಿಯೂತ, ಕಾರಣ ಯಾವುದೇ ಇರಲಿ, ಶ್ವಾಸಕೋಶದ ಗಾಳಿಚೀಲಗಳೊಳಗೆ ದ್ರವ ಸೋರಿ ಆಮ್ಲಜನಕ ರಕ್ತಕ್ಕೆ ಸೇರುವುದು ಕಷ್ಟವಾಗುತ್ತದೆ. ಆಗಿನ ರೂಢಿಯಂತೆ ವೆಂಟಿಲೇಟರ್ ಮೂಲಕ ಪ್ರತಿ ಉಸಿರಿಗೆ ಪ್ರತಿ ಕಿಲೋಗೆ 10ರಿಂದ 15 ಮಿ.ಲೀ. ಗಾಳಿ ಕೊಡುತ್ತಿದ್ದರು. ಆರೋಗ್ಯವಂತರು ವಿಶ್ರಾಂತಿಯಲ್ಲಿ ಎಳೆದುಕೊಳ್ಳುವುದಕ್ಕಿಂತ ಇದು ಬಹಳ ಹೆಚ್ಚು. ಉದ್ದೇಶ ಒಳ್ಳೆಯದೇ: ಎಬಿಜಿ ಸರಿಯಾಗಿರಬೇಕು, ಕುಸಿದ ಗಾಳಿಚೀಲ ತೆರೆಯಬೇಕು.

ತೊಡಕು ತಿಳಿದದ್ದು ಸಿ.ಟಿ. ಸ್ಕ್ಯಾನ್ ಬಂದ ಮೇಲೆ. ಎದೆಯ ಎಕ್ಸ್-ರೇಯಲ್ಲಿ ಇಡೀ ಶ್ವಾಸಕೋಶ ಬೆಳ್ಳಗೆ ಕಾಣುತ್ತದಲ್ಲ, ಆದ್ದರಿಂದ ಕಾಯಿಲೆ ಎಲ್ಲೆಡೆ ಸಮವಾಗಿದೆ ಎಂದು ನಂಬಿದ್ದರು. ಇಟಲಿಯ ಲುಸಿಯಾನೊ ಗಟಿನೋನಿ ಮತ್ತು ಸಂಗಡಿಗರು 1980ರ ದಶಕದಲ್ಲಿ ತೋರಿಸಿದ್ದು ಬೇರೆಯೇ: ಒಂದಷ್ಟು ಭಾಗ ದ್ರವ ತುಂಬಿ ಮುಚ್ಚಿಹೋಗಿದೆ, ಇನ್ನೊಂದಷ್ಟು ಬಹುತೇಕ ಸರಿಯಾಗಿಯೇ ಇದೆ. ಗಾಳಿ ಹೋಗುವ ಆ ಭಾಗ ಐದಾರು ವರ್ಷದ ಮಗುವಿನ ಶ್ವಾಸಕೋಶದಷ್ಟೇ ಇರಬಹುದು. ‘ಬೇಬಿ ಲಂಗ್’ ಎಂಬ ಹೆಸರು ಬಂದದ್ದು ಹೀಗೆ. ಹತ್ತು ಎಲೆಗೆ ಮಾಡಿದ ಅಡುಗೆಯನ್ನು ಪಂಕ್ತಿಯಲ್ಲಿ ಉಳಿದ ಮೂವರಿಗೇ ಬಡಿಸಿ, ಬಿಡದೆ ಉಣ್ಣಿಸಿದರೆ ಏನಾಗುತ್ತದೆ? ದೊಡ್ಡ ಟೈಡಲ್ ವಾಲ್ಯೂಮ್ (ಒಂದು ಉಸಿರಿಗೆ ಒಳಹೋಗುವ ಗಾಳಿ) ಮಾಡುತ್ತಿದ್ದದ್ದು ಅದನ್ನೇ. ಸರಿಯಿದ್ದ ಭಾಗ ಪ್ರತಿ ಉಸಿರಿಗೂ ಹಿಗ್ಗಿ ಗಾಯಗೊಳ್ಳುತ್ತದೆ. ಗಾಯಗೊಂಡ ಅಂಗಾಂಶದಿಂದ ಉರಿಯೂತದ ರಾಸಾಯನಿಕಗಳು ರಕ್ತಕ್ಕೆ ಇಳಿದು ಮೂತ್ರಪಿಂಡ, ಯಕೃತ್ತುಗಳನ್ನೂ ಕೆಡಿಸುತ್ತವೆ. ಎಆರ್‌ಡಿಎಸ್ ರೋಗಿಗಳಲ್ಲಿ ಅನೇಕರು ಸಾಯುವುದು ಆಮ್ಲಜನಕ ಸಾಲದೆ ಅಲ್ಲ, ಹಲವು ಅಂಗಗಳು ಒಟ್ಟಿಗೆ ಸೋಲುವುದರಿಂದ. ಈ ವಾಕ್ಯದ ಕೆಳಗೆ ಗೆರೆ ಎಳೆದುಕೊಳ್ಳಿ. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಈಗ ಪ್ರಯೋಗ. 861 ರೋಗಿಗಳು. ಒಂದು ಗುಂಪಿಗೆ ಪ್ರತಿ ಕಿಲೋಗೆ 12 ಮಿ.ಲೀ. ಗುರಿ, ಪ್ಲಾಟೋ ಒತ್ತಡದ (ಉಸಿರು ತುಂಬಿ ನಿಂತಾಗ ಶ್ವಾಸಕೋಶದೊಳಗಿನ ಒತ್ತಡದ) ಮಿತಿ 50 ಸೆಂ.ಮೀ. ನೀರು. ಇನ್ನೊಂದಕ್ಕೆ 6 ಮಿ.ಲೀ., ಮಿತಿ 30. ಸಣ್ಣ ಉಸಿರಿನಿಂದ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಸರಿದೂಗಿಸಲು ನಿಮಿಷಕ್ಕೆ 35ರವರೆಗೆ ಉಸಿರಿನ ಸಂಖ್ಯೆ ಹೆಚ್ಚಿಸಬಹುದಿತ್ತು. ಫಲಿತಾಂಶ: 12ರ ಗುಂಪಿನಲ್ಲಿ ಶೇ 39.8 ಸಾವು, 6ರ ಗುಂಪಿನಲ್ಲಿ ಶೇ 31.0. ಯಂತ್ರ ಕೊಟ್ಟ ಆಮ್ಲಜನಕಕ್ಕೆ ರಕ್ತದ ಆಮ್ಲಜನಕದ ಅನುಪಾತ ಮೊದಲ ಮತ್ತು ಮೂರನೆಯ ದಿನ ಕಡಿಮೆ ಇದ್ದದ್ದು ಬದುಕಿದವರು ಹೆಚ್ಚಿದ್ದ 6ರ ಗುಂಪಿನಲ್ಲೇ.

ಸಾಪೇಕ್ಷವಾಗಿ ಹೇಳಿದರೆ ಸಾವು ಶೇ 22ರಷ್ಟು ಇಳಿಯಿತು. ನೇರ ವ್ಯತ್ಯಾಸ 39.8 ಕಳೆ 31.0, ಅಂದರೆ 8.8. ನೂರನ್ನು 8.8ರಿಂದ ಭಾಗಿಸಿದರೆ ಸುಮಾರು 11: ಹನ್ನೊಂದು ರೋಗಿಗಳಿಗೆ ಹೀಗೆ ವೆಂಟಿಲೇಟರ್ ಹೊಂದಿಸಿದರೆ ಒಬ್ಬರು ಹೆಚ್ಚಾಗಿ ಉಳಿಯುತ್ತಾರೆ. ಹೊಸ ಔಷಧಿ ಬೇಕಿಲ್ಲ, ಹೊಸ ಯಂತ್ರ ಬೇಕಿಲ್ಲ, ಗುಂಡಿ ತಿರುಗಿಸಿದರಾಯಿತು.

ಈ ಪ್ರಯೋಗದಲ್ಲಿ ಸಾವನ್ನು ಎಣಿಸಿದ ರೀತಿಯೂ ನೋಡುವಂಥದ್ದು. 28ನೇ ದಿನ ಜೀವ ಇತ್ತೇ ಎಂದು ಕೇಳಿ ಸುಮ್ಮನಾಗಲಿಲ್ಲ. ಯಂತ್ರದ ನೆರವಿಲ್ಲದೆ ಉಸಿರಾಡುತ್ತ ಮನೆಗೆ ಹೋಗುವ ಮೊದಲೇ ತೀರಿಕೊಂಡವರನ್ನೆಲ್ಲ ಎಣಿಸಿದರು. ಎರಡನೆಯ ಅಳತೆ ‘ವೆಂಟಿಲೇಟರ್ ಇಲ್ಲದ ದಿನಗಳು’. ವೆಂಟಿಲೇಟರ್ ಮೇಲಿದ್ದ ದಿನಗಳನ್ನೇ ನೇರವಾಗಿ ಎಣಿಸಿದರೆ ಆಗದೇ ಎಂದು ನಮ್ಮ ತರಗತಿಯಲ್ಲಿ ಒಬ್ಬರು ಕೇಳಿದ್ದರು. ಆಗುವುದಿಲ್ಲ. ಎರಡನೇ ದಿನವೇ ಸತ್ತವರ ವೆಂಟಿಲೇಟರ್ ದಿನಗಳು ಎರಡೇ. ಬೇಗ ಸಾಯಿಸುವ ಚಿಕಿತ್ಸೆ ‘ವೆಂಟಿಲೇಟರ್ ಅವಧಿ ತಗ್ಗಿಸಿತು’ ಎಂದು ಹೆಸರು ಮಾಡಿಬಿಡುತ್ತದೆ! ಅದಕ್ಕೇ 28 ದಿನಗಳಲ್ಲಿ ಬದುಕಿದ್ದು, ಯಂತ್ರವಿಲ್ಲದೆಯೂ ಇದ್ದ ದಿನಗಳನ್ನು ಎಣಿಸುವುದು. ಆ ಅವಧಿಯಲ್ಲಿ ಸತ್ತವರಿಗೆ ಸೊನ್ನೆ. ಆರ್ಮಾದಲ್ಲಿ ಅದು 6ರ ಗುಂಪಿನಲ್ಲಿ 12 ದಿನ, 12ರ ಗುಂಪಿನಲ್ಲಿ 10 ದಿನ.

ಆಕ್ಷೇಪಗಳಿಲ್ಲವೆಂದಲ್ಲ. ಸಾವಿರ ರೋಗಿಗಳ ಯೋಜನೆ 861ಕ್ಕೇ ನಿಂತಿತು. ಲಾಭ ಕಂಡೊಡನೆ ನಿಲ್ಲಿಸಿದ ಪ್ರಯೋಗಗಳಲ್ಲಿ ಲಾಭ ಇರುವುದಕ್ಕಿಂತ ದೊಡ್ಡದಾಗಿ ಕಾಣುವ ಸಂಭವ ಇರುತ್ತದೆ. ಅಲ್ಲದೆ, ಆ ವೇಳೆಗೆ ಅನೇಕ ವೈದ್ಯರು 12ಕ್ಕಿಂತ ಕಡಿಮೆಗೆ ಇಳಿದಿದ್ದರು, ಹೋಲಿಕೆಯ ಗುಂಪು ರೂಢಿಯನ್ನು ಪ್ರತಿನಿಧಿಸಲಿಲ್ಲ ಎಂಬ ವಾದವೂ ಜೋರಾಗಿ ನಡೆಯಿತು. 6 ಎಂಬುದು 12ಕ್ಕಿಂತ ಉತ್ತಮ ಎಂದು ಇದು ಹೇಳುತ್ತದೆಯೇ ಹೊರತು 6 ಎಂಬುದು 8ಕ್ಕಿಂತ ಉತ್ತಮ ಎಂದಲ್ಲ. ಅಷ್ಟಾದರೂ ನನಗೆ ಈ ಪ್ರಯೋಗದ ಮೇಲಿನ ಗೌರವ ಕಡಿಮೆಯಾಗಿಲ್ಲ.

ಒಂದೇ ಕಡೆ ಹೀಗಾಗಿದ್ದರೆ ಅಪವಾದ ಎನ್ನಬಹುದಿತ್ತು. 2001ರಲ್ಲಿ ಬೆಲ್ಜಿಯಂನ ಲೂವೆನ್‌ನ ಒಂದು ಶಸ್ತ್ರಚಿಕಿತ್ಸಾ ಐಸಿಯುನಲ್ಲಿ 1548 ರೋಗಿಗಳ ಮೇಲೆ ನಡೆದ ಅಧ್ಯಯನ, ರಕ್ತದ ಸಕ್ಕರೆಯನ್ನು ಇನ್ಸುಲಿನ್‌ನಿಂದ 80-110 ಮಿ.ಗ್ರಾಂ./ಡೆ.ಲೀ. ಒಳಗೆ ಬಿಗಿಹಿಡಿದರೆ ಐಸಿಯು ಸಾವು ಶೇ 8.0ರಿಂದ 4.6ಕ್ಕೆ ಇಳಿಯುತ್ತದೆ ಎಂದಿತು. ಜಗತ್ತೆಲ್ಲ ಹಿಂಬಾಲಿಸಿತು. 2009ರಲ್ಲಿ ಅನೇಕ ಆಸ್ಪತ್ರೆಗಳ 6104 ರೋಗಿಗಳ ನೈಸ್-ಶುಗರ್ ಪ್ರಯೋಗ ಬಂದಾಗ ಕಂಡದ್ದು ತಿರುಗುಮುರುಗು: ಬಿಗಿ ಹಿಡಿದವರಲ್ಲಿ 90 ದಿನಗಳ ಸಾವು ಶೇ 27.5, 180ರವರೆಗೆ ಸಡಿಲ ಬಿಟ್ಟವರಲ್ಲಿ ಶೇ 24.9. ಅಪಾಯಕಾರಿಯಾಗಿ ಸಕ್ಕರೆ ಕುಸಿದದ್ದು ಕ್ರಮವಾಗಿ ಶೇ 6.8 ಮತ್ತು ಶೇ 0.5 ಮಂದಿಯಲ್ಲಿ. ಒಂದೇ ಕೇಂದ್ರದ ಅಚ್ಚರಿಯ ಫಲಿತಾಂಶ ಕಂಡಾಗ ಕಾಯುವುದನ್ನು ನನಗೆ ಕಲಿಸಿದ್ದು ಈ ಜೋಡಿ.

ಇದಕ್ಕಿಂತ ಮನಸ್ಸು ಕಲಕುವುದು ಫೀಸ್ಟ್ ಪ್ರಯೋಗ, 2011ರದ್ದು. ಕೀನ್ಯಾ, ಉಗಾಂಡ, ತಾಂಜಾನಿಯಾಗಳಲ್ಲಿ ತೀವ್ರ ಜ್ವರದೊಂದಿಗೆ ರಕ್ತಸಂಚಾರ ಕುಗ್ಗಿದ್ದ 3141 ಮಕ್ಕಳು. ಕೆಲವರಿಗೆ ಸಲೈನ್ ಅಥವಾ ಆಲ್ಬುಮಿನ್ (ರಕ್ತದ ಪ್ರೋಟೀನ್) ದ್ರಾವಣವನ್ನು ಬೋಲಸ್ ಆಗಿ, ಅಂದರೆ ಒಮ್ಮೆಲೇ ವೇಗವಾಗಿ ಕೊಟ್ಟರು, ಉಳಿದವರಿಗೆ ನಿಧಾನದ ಡ್ರಿಪ್ ಮಾತ್ರ. 48 ಗಂಟೆಗಳಲ್ಲಿ ಬೋಲಸ್ ಪಡೆದ ಎರಡೂ ಗುಂಪುಗಳಲ್ಲಿ ಸಾವು ಶೇ 10.5ರ ಆಸುಪಾಸು, ಪಡೆಯದವರಲ್ಲಿ ಶೇ 7.3. ಆದರೆ ಮೊದಲ ಒಂದು ಗಂಟೆಯ ಕೊನೆಗೆ ನೋಡಿದರೆ ಶಾಕ್‌ನ (ರಕ್ತಸಂಚಾರ ಕುಸಿತದ) ಲಕ್ಷಣ ಹೆಚ್ಚು ಮಕ್ಕಳಲ್ಲಿ ಮಾಯವಾಗಿದ್ದದ್ದು ಬೋಲಸ್ ಪಡೆದವರಲ್ಲೇ. ಹಾಸಿಗೆಯ ಪಕ್ಕ ನಿಂತ ವೈದ್ಯರಿಗೆ ಕಂಡಿದ್ದು ಬೆಚ್ಚಗಾದ ಕೈಕಾಲು. ನಂತರದ ಸಾವನ್ನು ಅವರು ಕಾಯಿಲೆಯ ಲೆಕ್ಕಕ್ಕೆ ಬರೆಯುತ್ತಿದ್ದರೇ ವಿನಾ ತಾವು ಕೊಟ್ಟ ನೀರಿನ ಲೆಕ್ಕಕ್ಕಲ್ಲ. ಅನುಭವವೊಂದನ್ನೇ ನಂಬಿದರೆ ಈ ತಪ್ಪು ನೂರು ವರ್ಷವಾದರೂ ಸಿಕ್ಕಿಬೀಳುತ್ತಿರಲಿಲ್ಲ. ಒಂದು ಎಚ್ಚರಿಕೆ: ವಾಂತಿಭೇದಿಯಿಂದ ನೀರು ಕಳೆದುಕೊಂಡ ಮಕ್ಕಳನ್ನೂ ತೀವ್ರ ಅಪೌಷ್ಟಿಕತೆಯ ಮಕ್ಕಳನ್ನೂ ಈ ಪ್ರಯೋಗಕ್ಕೆ ಸೇರಿಸಿಕೊಂಡಿರಲಿಲ್ಲ. ಭೇದಿಯಿಂದ ಬತ್ತಿದ ಮಗುವಿಗೆ ಡ್ರಿಪ್ ತಡೆಯಲು ಯಾರಾದರೂ ಫೀಸ್ಟ್ ಹೆಸರು ಹೇಳಿದರೆ ಅವರು ಲೇಖನ ಓದಿಲ್ಲ ಎಂದೇ ಅರ್ಥ.

ಇಷ್ಟು ಓದಿದ ಮೇಲೆ ಉತ್ತರಪತ್ರಿಕೆಯಲ್ಲಿ ‘ಅತಿಯಾದರೆ ಅಮೃತವೂ ವಿಷ’ ಎಂದು ಬರೆದು ಬರುವ ಆಸೆ ಸಹಜ. ಹಾಗೆ ಬರೆಯಬೇಡಿ, ಏಕೆಂದರೆ 2013ರ ಪ್ರೊಸೆವಾ ಪ್ರಯೋಗ ಅಡ್ಡ ನಿಲ್ಲುತ್ತದೆ. ತೀವ್ರ ಎಆರ್‌ಡಿಎಸ್ ಇದ್ದ 466 ರೋಗಿಗಳಲ್ಲಿ ಅರ್ಧದಷ್ಟು ಮಂದಿಯನ್ನು ಪ್ರತಿ ಸರದಿಗೆ ಕನಿಷ್ಠ 16 ಗಂಟೆ ಬೋರಲು ಮಲಗಿಸಿದರು. ಟ್ಯೂಬು, ಲೈನುಗಳೆಲ್ಲ ಇರುವ ರೋಗಿಯನ್ನು ಬೋರಲು ಮಾಡಲು ನಾಲ್ಕೈದು ಜನ ಬೇಕು, ಒಂದು ಎಳೆ ತಪ್ಪಿದರೂ ಕಷ್ಟ. ಕಡಿಮೆ ಮಾಡುವುದಲ್ಲ, ಇದು ಹೆಚ್ಚು ಮಾಡುವುದು. 28 ದಿನಗಳ ಸಾವು ಶೇ 32.8ರ ಬದಲು ಶೇ 16.0. ಭಾಗವಹಿಸಿದ ಘಟಕಗಳಿಗೆ ಈ ಕೆಲಸದಲ್ಲಿ ಐದು ವರ್ಷಕ್ಕೂ ಮೀರಿದ ಕೈಪಳಗಿತ್ತು ಎಂಬುದನ್ನು ಮರೆಯಬಾರದು. ಇನ್ನೂ ಕುತೂಹಲದ್ದು ಮುಂದಿನ ವರ್ಷದ ವಿಶ್ಲೇಷಣೆ: ಬೋರಲು ಮಲಗಿಸಿದಾಗ ಯಾರ ಆಮ್ಲಜನಕ ಏರಿತೋ ಅವರೇ ಉಳಿದರು ಎಂದೇನೂ ಇರಲಿಲ್ಲ. ಏರಿಕೆಗೂ ಉಳಿವಿಗೂ ನಂಟು ಸಿಗಲಿಲ್ಲ. ಭಾರ ಹರಡಿಹೋಗಿ ಶ್ವಾಸಕೋಶ ಸಮವಾಗಿ ಹಿಗ್ಗಿದ್ದೇ, ಅಂದರೆ ಗಾಯ ತಪ್ಪಿದ್ದೇ, ಜೀವ ಉಳಿಸಿರಬೇಕು ಎಂಬುದು ಹೆಚ್ಚು ಒಪ್ಪಿತವಾದ ವಿವರಣೆ. ಮತ್ತೆ ಬೇಬಿ ಲಂಗ್‌ಗೇ ಬಂದೆವು.

ಹಾಗಾಗಿ ಲೇಖನ ಕೈಗೆತ್ತಿಕೊಂಡಾಗ ನಾನು ಮೊದಲು ನೋಡುವುದು ಪ್ರಧಾನ ಅಳತೆ ಯಾವುದು ಎಂದು. ಆಮ್ಲಜನಕ, ಸಕ್ಕರೆ, ರಕ್ತದೊತ್ತಡದಂಥ ನಡುವಿನ ಅಂಕಿಯಾದರೆ ಪೆನ್ಸಿಲ್‌ನಿಂದ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತೇನೆ. ಆ ಅಂಕಿಗಳು ಬೇಡವೆಂದಲ್ಲ, ರಾತ್ರಿ ಪಾಳಿಯಲ್ಲಿ ಅವೇ ನಮ್ಮ ಕಣ್ಣು.

ಆರ್ಮಾದ ‘ಪ್ರತಿ ಕಿಲೋಗೆ’ ಎಂಬುದರಲ್ಲಿ ಅಡಗಿರುವ ಹಳ್ಳವೊಂದನ್ನು ತೋರಿಸಿ ಮುಗಿಸುತ್ತೇನೆ. ಅದು ತಕ್ಕಡಿಯ ತೂಕವಲ್ಲ, ಎತ್ತರದಿಂದ ಲೆಕ್ಕ ಹಾಕಿದ ತೂಕ. ಮೈ ಬಂದರೂ ಶ್ವಾಸಕೋಶ ಬೆಳೆಯುವುದಿಲ್ಲ. ಪುರುಷರಿಗೆ 50, ಮಹಿಳೆಯರಿಗೆ 45.5, ಅದಕ್ಕೆ, ಸೆಂಟಿಮೀಟರ್‌ನಲ್ಲಿ ಎತ್ತರದಿಂದ 152.4 ಕಳೆದು 0.91ರಿಂದ ಗುಣಿಸಿದ್ದನ್ನು ಕೂಡಿಸಬೇಕು. 155 ಸೆಂ.ಮೀ. ಎತ್ತರದ, 80 ಕಿಲೋ ತೂಗುವ ಮಹಿಳೆಗೆ ಬರುವುದು 47.9 ಕಿಲೋ, ಅಂದರೆ 6ರಂತೆ ಸುಮಾರು 287 ಮಿ.ಲೀ. ತಕ್ಕಡಿ ನೋಡಿ 480 ಇಟ್ಟರೆ ‘6’ ಎಂದು ಬರೆದುಕೊಂಡು 10 ಕೊಟ್ಟಂತೆ. ಗಿಡ್ಡಗಿರುವ ಮಹಿಳೆಯರಿಗೆ ಈ ತಪ್ಪು ಹೆಚ್ಚು ತಟ್ಟುತ್ತದೆ. ಕೇಸ್ ಶೀಟಿನಲ್ಲಿ ಎತ್ತರದ ಜಾಗ ಖಾಲಿ ಇರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಮಲಗಿದ್ದವರನ್ನೇ ನೆತ್ತಿಯಿಂದ ಹಿಮ್ಮಡಿವರೆಗೆ ಟೇಪಿನಲ್ಲಿ ಅಳೆಯಲು ಒಂದು ನಿಮಿಷ ಸಾಕು.

ಅಭ್ಯಾಸಕ್ಕೆ: ಮಹಿಳೆ, ಎತ್ತರ 148 ಸೆಂ.ಮೀ. ನೀವು ಲೆಕ್ಕ ಹಾಕಿದ ಮೇಲೆ ಮುಂದೆ ಓದಿ. 148ರಲ್ಲಿ 152.4 ಕಳೆದರೆ ಮೈನಸ್ 4.4; ತೂಕ 41.5 ಕಿಲೋ, ಟೈಡಲ್ ವಾಲ್ಯೂಮ್ 249 ಮಿ.ಲೀ. ನಿಮಗೆ 297 ಬಂದಿದ್ದರೆ ಮೈನಸ್ ಚಿಹ್ನೆ ಬಿಟ್ಟುಹೋಗಿದೆ. ನನಗೂ ಮೊದಲು 297 ಬಂದಿತ್ತು.